ಹದಿನೆಂಟಕ್ಕೆ ಎಷ್ಟು?

2021ರ ಬೇಸಿಗೆಯಲ್ಲಿ 'ಸ್ಕೋರ್ ಎಷ್ಟು ಬಂತು?' ಎಂದು ಮನೆಮನೆಯಲ್ಲೂ ಕೇಳುತ್ತಿದ್ದರು, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕೇಳುವ ಹಾಗೆ. ಅದು ಸಿ.ಟಿ. ಸ್ಕ್ಯಾನಿಗೆ ಇಪ್ಪತ್ತೈದಕ್ಕೆ ಕೊಡುವ ಅಂಕ. ಸಾದಾ ಎದೆಯ ಎಕ್ಸ್‌ರೇಗೂ ಅಂಕ ಕೊಡುವ ಕ್ರಮವೊಂದು ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ಇಟಲಿಯ ಬ್ರೆಷಾ ನಗರದ ಆಸ್ಪತ್ರೆಗೆ ಕೋವಿಡ್ ರೋಗಿಗಳು ಮುಗಿಬಿದ್ದಾಗ ಅಲ್ಲಿನ ರೇಡಿಯಾಲಜಿಸ್ಟರಾದ ಬೋರ್ಗೇಸಿ ಮತ್ತು ಮರೋಲ್ಡಿ ರೂಪಿಸಿದ 'ಬ್ರಿಕ್ಸಿಯಾ ಸ್ಕೋರ್' ಅದು.

ಲೆಕ್ಕ ಸರಳ. ಎರಡೂ ಶ್ವಾಸಕೋಶಗಳಿಗೆ ಅಡ್ಡಗೆರೆ ಎಳೆದು ಆರು ಭಾಗ ಮಾಡುತ್ತಾರೆ. ಏನೂ ಇಲ್ಲದ ಭಾಗಕ್ಕೆ ಸೊನ್ನೆ. ಬಲೆಯಂಥ ಗೆರೆಗಳಷ್ಟೇ ಇದ್ದರೆ 1. ಗಾಳಿಗೂಡುಗಳು ತುಂಬಿಕೊಂಡ ಬಿಳುಪೂ ಒಂದಿಷ್ಟು ಸೇರಿದರೆ 2. ಆ ಬಿಳುಪೇ ಹೆಚ್ಚಾದರೆ 3. ಒಟ್ಟು 18. ಮೊದಲು ನೋಡಿದ ನೂರು ಒಳರೋಗಿಗಳಲ್ಲಿ, ತೀರಿಕೊಂಡವರ ಅಂಕ ಮನೆಗೆ ಹೋದವರ ಅಂಕಕ್ಕಿಂತ ಹೆಚ್ಚಿತ್ತು.

ಇದರ ಗುಣ ವಾರ್ಡಿನಲ್ಲಿ ಗೊತ್ತಾಗುತ್ತದೆ. ಯಂತ್ರವೇ ಹಾಸಿಗೆಯ ಬಳಿ ಬರುತ್ತದೆ, ಏದುಸಿರು ಬಿಡುವವರನ್ನು ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋಗಬೇಕಿಲ್ಲ. ವಿಕಿರಣ ಅತ್ಯಲ್ಪವಾದ್ದರಿಂದ ನಾಳೆ ಮತ್ತೆ ತೆಗೆಯಬಹುದು. 'ಎರಡೂ ಕಡೆ ಮಬ್ಬು' ಎಂಬ ವರದಿಗಿಂತ ನಿನ್ನೆ 7, ಇವತ್ತು 11 ಎಂಬುದು ರಾತ್ರಿಪಾಳಿಯ ವೈದ್ಯರಿಗೆ ಬೇಗ ತಲುಪುತ್ತದೆ.

ಆದರೆ ನನ್ನ ತಕರಾರು ಲೆಕ್ಕದ ಬುಡದಲ್ಲೇ ಇದೆ. ಬ್ರಿಕ್ಸಿಯಾ ನೋಡುವುದು ಬಿಳುಪಿನ ಬಗೆಯನ್ನು, ಅದು ಎಷ್ಟು ಜಾಗ ಹಿಡಿದಿದೆ ಎಂಬುದನ್ನಲ್ಲ. ಒಂದು ಭಾಗದ ಮೂಲೆಯಲ್ಲಿ ಗಟ್ಟಿ ಬಿಳಿ ಮಚ್ಚೆಯಿದ್ದರೆ 3 ಬೀಳಬಹುದು, ಭಾಗವಿಡೀ ತೆಳುಗೆರೆ ಹಬ್ಬಿದ್ದರೂ 1 ಮಾತ್ರ. ಇದಕ್ಕಿಂತ ಮೊದಲೇ, 2018ರಲ್ಲಿ, ಬಂದಿದ್ದ 'ರೇಲ್' ಸ್ಕೋರ್ ಹರವನ್ನೂ ಸಾಂದ್ರತೆಯನ್ನೂ ಗುಣಿಸಿ 48ಕ್ಕೆ ಅಂಕ ಕೊಡುತ್ತದೆ. ಅದು ಹೆಚ್ಚು ನ್ಯಾಯವಾದದ್ದು, ಅವಸರದಲ್ಲಿ ಹೆಚ್ಚು ಕಷ್ಟದ್ದೂ ಹೌದು. ಇನ್ನು, ಒಟ್ಟು 6 ಎಂದರೆ ಆರೂ ಕಡೆ ಒಂದೊಂದೋ, ಎರಡೇ ಕಡೆ ಮೂರು ಮೂರೋ? ಮೊತ್ತ ಅದನ್ನು ನುಂಗಿಬಿಡುತ್ತದೆ.

ಫಿಲ್ಮೂ ಕಣ್ಣಿಗೆ ಮೋಸ ಮಾಡುತ್ತದೆ. ಮಲಗಿದಲ್ಲೇ ತೆಗೆದ ಎಕ್ಸ್‌ರೇಯಲ್ಲಿ ಹೃದಯ ಊದಿದಂತೆ ಕಾಣುತ್ತದೆ. ರೋಗಿಗೆ ಉಸಿರು ತುಂಬಿಕೊಳ್ಳಲಾಗದಿದ್ದರೆ ಶ್ವಾಸಕೋಶದ ತಳ ಒತ್ತಿಕೊಂಡು ಬೆಳ್ಳಗಾಗುತ್ತದೆ, ಅಂಕ ಏರುತ್ತದೆ. ಅದೇ ರೋಗಿಯನ್ನು ವೆಂಟಿಲೇಟರಿಗೆ ಹಾಕಿದಾಗ ಒತ್ತಡದ ಗಾಳಿಗೆ ಶ್ವಾಸಕೋಶ ಅರಳಿ ಚಿತ್ರ ತಿಳಿಯಾಗಬಹುದು. ಸ್ಥಿತಿ ಬಿಗಡಾಯಿಸಿದ್ದರೂ ಅಂಕ ಇಳಿದಿರುತ್ತದೆ!

ಕಾಯಿಲೆಯ ಮೊದಲ ದಿನಗಳಲ್ಲಂತೂ ಈ ಅಂಕವನ್ನು ನಂಬುವಂತಿಲ್ಲ. ಹಾಂಗ್‌ಕಾಂಗಿನ 64 ರೋಗಿಗಳ ಅಧ್ಯಯನದಲ್ಲಿ ಮೊದಲ ಎಕ್ಸ್‌ರೇ ದೋಷ ತೋರಿಸಿದ್ದು ನೂರಕ್ಕೆ 69 ಮಂದಿಯಲ್ಲಿ. ಚಿತ್ರ ತೀರಾ ಕೆಟ್ಟದ್ದು ಲಕ್ಷಣ ಶುರುವಾದ 10–12ನೇ ದಿನಕ್ಕೆ. ಎರಡನೇ ದಿನದ ಸೊನ್ನೆಯನ್ನು ಹಿಡಿದುಕೊಂಡು, ಬೆರಳಿನ ಆಕ್ಸಿಮೀಟರ್ 91 ತೋರಿಸುತ್ತಿದ್ದರೂ ಮನೆಗೆ ಕಳಿಸಿದರೆ ತಪ್ಪು ಎಕ್ಸ್‌ರೇಯದಲ್ಲ.

ಹಾಗಾಗಿ ಒಬ್ಬರದೇ ಫಿಲ್ಮುಗಳನ್ನು ಸಾಲಾಗಿಟ್ಟು ನೋಡಲು ಬ್ರಿಕ್ಸಿಯಾ ಒಳ್ಳೆಯ ಸಾಧನ. ಇಬ್ಬರಲ್ಲಿ ಐಸಿಯು ಹಾಸಿಗೆ ಯಾರಿಗೆಂದು ಅದೊಂದರಿಂದಲೇ ತೀರ್ಮಾನಿಸಲು ಅಲ್ಲ. ವರದಿಯಲ್ಲಿ ಅಂಕದ ಪಕ್ಕದಲ್ಲೇ ಕಾಯಿಲೆಯ ಎಷ್ಟನೇ ದಿನ, ಕೂತದ್ದೋ ಮಲಗಿದ್ದೋ, ವೆಂಟಿಲೇಟರ್ ಇತ್ತೋ ಇಲ್ಲವೋ ಎಂದು ಬರೆಯಲು ಅರ್ಧ ಸಾಲು ಸಾಕು.