ಮಹಾಂತಪ್ಪನ ಸ್ಯಾಕ್ಸು, ಕದ್ರಿಯವರ ಸ್ಯಾಕ್ಸು

ಧಾರವಾಡದಾಗ ಬೆಳೆದವರಿಗೆ ಒಂದು ರೋಗ ಇರ್ತದ. ಮನ್ಸೂರರ ಹೆಸರು ಹೇಳಿ ಉಳಿದ ಸಂಗೀತಾನೆಲ್ಲ ಅಳೆದುಬಿಡ್ತೀವಿ. ಸ್ಯಾಕ್ಸೊಫೋನ್ ಅಂದ್ರ ಮದುವಿ ಮೆರವಣಿಗಿ ವಾದ್ಯ. ನಮ್ಮ ಸೋದರಮಾವ ಬ್ಯಾಂಡಿನಾಗ ಕ್ಲಾರಿನೆಟ್ ಊದತಿದ್ದ. ಮನೆಯ ಸಂಗೀತದ ಮಾತಿನಾಗ ಅವನ ಹೆಸರು ಎಂದೂ ಬರ್ತಿರಲಿಲ್ಲ.

ಮೊನ್ನೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಾಗ ಬರೋವಾಗ 'ಕಿನ್ಸ್‌ಮೆನ್' ಆಲ್ಬಮ್ ಹಚ್ಚಿದೆ. 2008ರದು, ರುದ್ರೇಶ್ ಮಹಾಂತಪ್ಪ ಅವರದು. ಹೆಸರು ಕೇಳಿದ್ರ ನಮ್ಮ ಓಣಿಯವರೇ ಅನಸ್ತದ. ತಂದೆ-ತಾಯಿ ಕರ್ನಾಟಕದ ಮೂಲದವರು. ಇವರು ಹುಟ್ಟಿದ್ದು ಇಟಲಿಯಾಗ, ಬೆಳೆದದ್ದು ಅಮೆರಿಕದ ಕೊಲರಾಡೊದಾಗ. ಜಾಝ್ ಕಲಿಯೋ ದಿನಗಳಲ್ಲಿ ಅಣ್ಣ ಅರ್ಧ ಚೇಷ್ಟೆಗೆ ಕದ್ರಿ ಗೋಪಾಲನಾಥರ ಆಲ್ಬಮ್ ಕೈಗಿಟ್ಟ. ಮೈಸೂರು ಅರಮನೆ ಬ್ಯಾಂಡಿನಾಗ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮನುಷ್ಯ ಗೋಪಾಲನಾಥ. ಮುಂದೆ ಇಬ್ಬರೂ ಕೂಡಿ ಕಟ್ಟಿದ್ದೇ ಈ ಆಲ್ಬಮ್.

ಏಳು ಮಂದಿಯ ತಂಡ. ಎರಡು ಆಲ್ಟೊ ಸ್ಯಾಕ್ಸು, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್, ಜೊತೆಗೆ ಬೇಸ್, ಡ್ರಮ್ಸ್. ಸಂಯೋಜಕನಿಗೆ ತಲೆಬ್ಯಾನಿ ಇರೋದು ಇಲ್ಲೇ. ಜಾಝಿನಾಗ ಕೆಳಗಿನ ಕಾರ್ಡ್ ಬದಲಾಗ್ತಾ ಹೋದಂಗ ಮೇಲಿನ ರಾಗಾಲಾಪನೆಯ ದಾರಿಯೂ ತಿರುಗ್ತದ. ನಮ್ಮಲ್ಲಿ ಷಡ್ಜ ಅಲುಗಂಗಿಲ್ಲ. ಕೆಳಗಿನ ನೆಲ ಜಾರಿದ್ರ ರಾಗ ಮುರೀತು. ಬಹಳಷ್ಟು ಫ್ಯೂಷನ್ ಇಲ್ಲೇ ಮುಗ್ಗರಿಸ್ತದ, ಕೊನಿಗೆ ಜೋರಾಗಿ ಒಂದು ತಿಹಾಯಿ ಹೊಡೆದು ಮುಚ್ಚಿಹಾಕ್ತದ. ಮಹಾಂತಪ್ಪ ಹಂಗ ಮಾಡಿಲ್ಲ. ಸ್ವರದ ಸಾಲು ಮತ್ತು ಲಯದ ಲೆಕ್ಕದ ಮ್ಯಾಲೆ ಭಾರ ಹಾಕ್ಯಾರ. ನಡುನಡುವೆ ಒಬ್ಬೊಬ್ಬರಿಗೆ ಆಲಾಪಕ್ಕ ಜಾಗ ಬಿಟ್ಟು ತಾವು ಹಿಂದ ಸರೀತಾರ. 'ಕಲ್ಯಾಣಿ' ಕೇಳ್ರಿ, ನಮ್ಮ ಯಮನ್ನಿನ ಸಂಬಂಧಿಕ. ಗೋಪಾಲನಾಥರು ಸ್ವರದಿಂದ ಸ್ವರಕ್ಕ ಜಾರತಾರ, ಮಹಾಂತಪ್ಪ ಕತ್ತರಿಸತಾರ. ಎರಡೂ ಒಂದೇ ಜಾತಿಯ ವಾದ್ಯ, ಆದ್ರೂ ಕಣ್ಣು ಮುಚ್ಚಿ ಗುರುತು ಹಿಡೀಬಹುದು.

ತಕರಾರೂ ಅದ. ಡ್ರಮ್ಸ್ ಜೋರಾದಾಗ ಮೃದಂಗದ ಎಡಗೈ ಮಾತು ಮುಳುಗ್ತದ. ಹೆಡ್‌ಫೋನಿನಾಗೇ ಹಿಂಗಾದ್ರ ಸಭಾಂಗಣದಾಗ ಏನು ಗತಿಯೋ. ಕೆಲವು ಕಡೆ ಸಾಲುಗಳು ಎಷ್ಟು ದಟ್ಟ ಅಂದ್ರ ಪಿಟೀಲಿಗೆ ಉಸಿರಾಡಲಿಕ್ಕೂ ತೆರಪಿಲ್ಲ.

ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಜ್ಯೂಬಿಲಿ ಸರ್ಕಲ್ ಬರೋದರೊಳಗ 'ಕಲ್ಯಾಣಿ'ಯನ್ನ ಮಾವಗ ವಾಟ್ಸಾಪ್ ಮಾಡಿದೆ. ರಾತ್ರಿ ಹತ್ತಕ್ಕ ಫೋನ್ ಬಂತು: "ಲೇ, ಆ ಜಾರಿಸಿ ಊದಾಂವ ಉಸರು ಎಲ್ಲಿ ತಗೋತಾನಲೇ? ಇನ್ನೊಮ್ಮೆ ಕಳಸು."