ಯಾರ ಹಂಗಿನಲ್ಲಿ ಕ್ಯಾಮೆರಾ?

ಆನಂದ್ ಪಟವರ್ಧನ್ 1985ರಲ್ಲಿ ಮುಗಿಸಿದ 'ಹಮಾರಾ ಶಹರ್' ಮುಂಬಯಿಯ ಗುಡಿಸಲು ತೆರವಿನ ಬಗೆಗಿನ ಚಿತ್ರ. ಗುಡಿಸಲುಗಳು ನೆಲಸಮವಾದ ಮೇಲೆ, ಬಯಲಿಗೆ ಬಿದ್ದ ಜನರ ನಡುವೆ ಕ್ಯಾಮೆರಾ ಓಡಾಡುತ್ತಿರುವಾಗ, ಒಬ್ಬ ಹೆಂಗಸು ಚಿತ್ರತಂಡದ ಮೇಲೆಯೇ ಸಿಟ್ಟಾಗುತ್ತಾಳೆ. ಬಡವರ ಫೋಟೋ ಹಿಡಿದು ನೀವು ಹೆಸರು ಮಾಡಿಕೊಳ್ಳುತ್ತೀರಿ, ನಮಗೆ ಮನೆ ಕಟ್ಟಿಕೊಡಲು ನಿಮ್ಮಿಂದ ಆಗುತ್ತದೆಯೇ ಎಂಬುದು ಅವಳ ಪ್ರಶ್ನೆಯ ಸಾರ. ಪಟವರ್ಧನ್ ಆ ಮಾತನ್ನು ಕತ್ತರಿಸಲಿಲ್ಲ, ಅದಕ್ಕೊಂದು ಸಮಜಾಯಿಷಿಯನ್ನೂ ಪೋಣಿಸಲಿಲ್ಲ. ಭಾರತದ ಸ್ವತಂತ್ರ ಸಾಕ್ಷ್ಯಚಿತ್ರ ಪರಂಪರೆಯನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಸರ್ಕಾರದ ಹಂಗು ಹರಿದುಕೊಳ್ಳುವುದು ಹೇಗೆಂದು ಈ ಪರಂಪರೆ ಸುಮಾರು ಐವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿದೆ, ಕೋರ್ಟು ಮೆಟ್ಟಿಲು ಸವೆಸಿದೆ. ಚಿತ್ರದೊಳಗೆ ಬಂದು ತಮ್ಮ ಬದುಕನ್ನು ಬಿಚ್ಚಿಟ್ಟ ಜನರ ಹಂಗಿನ ವಿಷಯದಲ್ಲಿ ಮಾತ್ರ ಅದರ ಯೋಚನೆ ಅಷ್ಟು ದೂರ ಹೋಗಿಲ್ಲ. ಹಣ, ಕಸುಬು, ನೀತಿ ಎಂದು ನಾವು ಬೇರೆ ಬೇರೆಯಾಗಿ ಚರ್ಚಿಸುವ ಮೂರೂ ಇಲ್ಲಿ ಒಂದೇ ಗಂಟು ಎಂದು ನನಗೆ ಅನ್ನಿಸುತ್ತದೆ.

'ಸ್ವತಂತ್ರ' ಚಿತ್ರಗಳು ಹುಟ್ಟಿದ್ದು ಸರ್ಕಾರದ ಚಿತ್ರಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್ನಿಗೆ ಎದುರಾಗಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಬ್ರಿಟಿಷ್ ಸರ್ಕಾರ ತಾನು ಒಪ್ಪಿದ ಕಿರುಚಿತ್ರಗಳನ್ನು ಪ್ರತಿ ಚಿತ್ರಮಂದಿರವೂ ತೋರಿಸಬೇಕೆಂದು ಕಟ್ಟಳೆ ಮಾಡಿತು. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಶುರುವಾದಾಗ ಸ್ವತಂತ್ರ ಭಾರತ ಅದೇ ಏರ್ಪಾಟನ್ನು ಮತ್ತೆ ಜಾರಿಗೆ ತಂದಿತು. ಚಿತ್ರಮಂದಿರದವರು ವಾರದ ಗಳಿಕೆಯಲ್ಲಿ ಶೇಕಡಾ 1ರಷ್ಟನ್ನು ಬಾಡಿಗೆಯಾಗಿ ಕಟ್ಟಬೇಕಿತ್ತು. ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಡಬ್ಬಾದ ಆ ಚಿತ್ರಗಳು ಊರೂರು ತಲುಪಿದವು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಉದ್ಘಾಟನೆ, ಕುಟುಂಬ ಯೋಜನೆ. ಜನ ಹೊರಗೆ ನಿಂತು ಬೀಡಿ ಸೇದಿ ಮುಗಿಸಿ, ಕಥಾಚಿತ್ರ ಶುರುವಾಗುವ ಹೊತ್ತಿಗೆ ಒಳಗೆ ಬರುತ್ತಿದ್ದರು. ನೋಡುಗ ಇಷ್ಟಪಟ್ಟರೂ ಬಿಟ್ಟರೂ ಹಣ ಬಂದೇ ಬರುತ್ತಿತ್ತು. ಹಾಗಾಗಿ ನೋಡುಗನನ್ನು ಒಲಿಸಿಕೊಳ್ಳುವ ದರ್ದು ಚಿತ್ರಕ್ಕೆ ಇರಲಿಲ್ಲ. ಮೇಲಿನಿಂದ ಇಳಿದುಬರುವ ಆ ಸರ್ವಜ್ಞ ಕಂಠ, ಪ್ರಶ್ನೆಯೇ ಇಲ್ಲದ ಆ ವಿವರಣೆ, ಕಲೆಯ ಕೊರತೆಗಿಂತ ಹೆಚ್ಚಾಗಿ ಆ ಹಣದ ಹರಿವಿನಿಂದ ಬಂದದ್ದು.

ಆದರೂ ಅಲ್ಲಿ ಎಲ್ಲವೂ ಜೊಳ್ಳೆಂದರೆ ಅನ್ಯಾಯವಾದೀತು. ಅರವತ್ತರ ದಶಕದ ನಡುವಿನಲ್ಲಿ ಹಿಂದೆ ಅಲ್ಲಿಯೇ ಇದ್ದ ಜೀನ್ ಭೌನಗರಿ ಸಂಸ್ಥೆಗೆ ಮರಳಿ ಬಂದು ಯುವಕರಿಗೆ ಸ್ವಾತಂತ್ರ್ಯ ಕೊಟ್ಟಾಗ ಎಸ್.ಎನ್.ಎಸ್. ಶಾಸ್ತ್ರಿ 'ಐ ಆ್ಯಮ್ 20' (1967) ಮಾಡಿದರು. ಸ್ವಾತಂತ್ರ್ಯದ ವರ್ಷದಲ್ಲಿ ಹುಟ್ಟಿದ ಇಪ್ಪತ್ತರ ಹರೆಯದವರು ಅದರಲ್ಲಿ ತಮ್ಮ ಆಸೆಯನ್ನೂ ದೇಶದ ಬಗೆಗಿನ ಗುಮಾನಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರಮೋದ್ ಪತಿಯವರ ಪ್ರಯೋಗಚಿತ್ರ 'ಎಕ್ಸ್‌ಪ್ಲೋರರ್' (1968) ಸರ್ಕಾರಿ ದುಡ್ಡಿನಲ್ಲಿ ತಯಾರಾಯಿತೆಂದು ಇವತ್ತು ನಂಬುವುದೇ ಕಷ್ಟ. ಸುಖದೇವ್ ಅವರ 'ಇಂಡಿಯಾ 67' ಒಂದೂ ವಿವರಣೆಯ ಮಾತಿಲ್ಲದೆ ಇಡೀ ದೇಶವನ್ನು ಕಾಣಿಸಿತು. ಇದೇ ಸುಖದೇವ್ ತುರ್ತುಪರಿಸ್ಥಿತಿಯಲ್ಲಿ ಆಳುವವರ ಪರವಾಗಿ ಚಿತ್ರ ಮಾಡಿದರು. ಅಷ್ಟು ದೊಡ್ಡ ಪ್ರತಿಭೆ ಕೂಡ ಹಣ ಕೊಟ್ಟವರ ಕಡೆ ವಾಲಿದ್ದನ್ನು ನೋಡಿದವರಿಗೆ, ಬೇರೆ ದಾರಿ ಹುಡುಕಲೇಬೇಕು ಎಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಬೇರೆ ದಾರಿಗೆ ಕಾನೂನಿನ ಗೋಡೆ ಮೊದಲೇ ಎದ್ದಿತ್ತು. ಕೆ.ಎ. ಅಬ್ಬಾಸ್ ತಮ್ಮ 'ಎ ಟೇಲ್ ಆಫ್ ಫೋರ್ ಸಿಟೀಸ್' ಎಂಬ ಕಿರುಚಿತ್ರಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದಾಗ, ಸಿನಿಮಾವನ್ನು ತೋರಿಸುವ ಮೊದಲೇ ಪರಿಶೀಲಿಸುವ ಅಧಿಕಾರವನ್ನು ಕೋರ್ಟು 1970ರಲ್ಲಿ ಎತ್ತಿಹಿಡಿಯಿತು. ಪಟವರ್ಧನ್ 1974ರ ಬಿಹಾರ ಚಳವಳಿಯನ್ನು ಸೂಪರ್ 8 ಕ್ಯಾಮೆರಾದಲ್ಲಿ ಚಿತ್ರಿಸಿ, ಪರದೆಯ ಮೇಲೆ ಬಿಟ್ಟು ಮತ್ತೆ 16 ಎಂಎಂ ರೀಲಿಗೆ ಇಳಿಸಿಕೊಂಡರು. ತುರ್ತುಪರಿಸ್ಥಿತಿ ಬಂದಾಗ ಆ ಚಿತ್ರ ತುಂಡುತುಂಡಾಗಿ ದೇಶದಾಚೆ ಸಾಗಿತು. ಕೈಯಲ್ಲಿ ಕಾಸಿಲ್ಲದ್ದರಿಂದ ಬಂದ ಆ ಒರಟುತನವೇ ಚಿತ್ರದ ಚಹರೆಯಾಯಿತು. ಮುಂದೆಯೂ ಅವರು ಹಳೆಯ ಚಿತ್ರಗಳಿಂದ ಬಂದ ಹಣವನ್ನು ಹೊಸದಕ್ಕೆ ಹಾಕುತ್ತಾ ಬಂದರು. 'ರಾಮ್ ಕೇ ನಾಮ್' (1992) ರಾಷ್ಟ್ರಪ್ರಶಸ್ತಿ ಪಡೆದ ಮೇಲೂ ದೂರದರ್ಶನದಲ್ಲಿ ಬಿತ್ತರವಾಗಲು ಕೋರ್ಟಿನ ಆದೇಶವೇ ಬೇಕಾಯಿತು. 'ಫಾದರ್, ಸನ್ ಆ್ಯಂಡ್ ಹೋಲಿ ವಾರ್' ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2006ರಲ್ಲಿ, ಚಿತ್ರ ಮುಗಿದು ಹತ್ತು ವರ್ಷಗಳಾದ ಮೇಲೆ.

ಈ ಹಟಕ್ಕೆ ನನ್ನ ಗೌರವ ದೊಡ್ಡದು. ಕಸುಬಿನ ದೃಷ್ಟಿಯಿಂದ ಒಂದು ತಕರಾರೂ ಇದೆ. ಪಟವರ್ಧನ್ ಅವರ ಕತ್ತರಿ ಪ್ರಯೋಗದಲ್ಲಿ ಎದುರಾಳಿಯ ಬಾಯಿಂದಲೇ ಅವನ ಟೊಳ್ಳನ್ನು ಹೊರಗೆಡಹುವ ಚಾಣಾಕ್ಷತೆ ಇದೆ. ಸಭಿಕರು ಚಪ್ಪಾಳೆ ತಟ್ಟುವುದೂ ಅಲ್ಲಿಯೇ. ಆ ಗಳಿಗೆಯಲ್ಲಿ ನಾವು ನೋಡುಗರು ಸಲೀಸಾಗಿ ಒಳ್ಳೆಯವರ ಸಾಲಿಗೆ ಸೇರಿಬಿಡುತ್ತೇವೆ. ಮೊದಲೇ ಒಪ್ಪಿದವರು ಒಪ್ಪಿದವರ ನಡುವೆ ಕೂತು ನೋಡುವ ಚಿತ್ರವಾಗಿ ಅದು ಉಳಿಯುವ ಅಪಾಯ ಇಲ್ಲಿದೆ. ಅವರ ಅತ್ಯುತ್ತಮ ಕೃತಿ ನನ್ನ ಮಟ್ಟಿಗೆ 'ಜೈ ಭೀಮ್ ಕಾಮ್ರೇಡ್' (2011). ಅದು ಶ್ರೇಷ್ಠವಾದದ್ದು ಒಂದು ಋಣದ ಕಾರಣಕ್ಕೆ. 'ಹಮಾರಾ ಶಹರ್' ಚಿತ್ರದಲ್ಲಿ ಹಾಡಿದ್ದ ಶಾಹಿರ್ ವಿಲಾಸ್ ಘೋಗರೆ, 1997ರಲ್ಲಿ ಮುಂಬಯಿಯ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ದಲಿತರು ಬಲಿಯಾದ ಮೇಲೆ ತಮ್ಮ ಜೀವ ತೆಗೆದುಕೊಂಡರು. ಪಟವರ್ಧನ್ ಹದಿನಾಲ್ಕು ವರ್ಷ ಆ ಸಾವಿನ ಬೆನ್ನು ಹತ್ತಿದರು. ಮೂರು ಗಂಟೆಯನ್ನೂ ಮೀರುವ ಆ ಚಿತ್ರದಲ್ಲಿ ವಾದಕ್ಕಿಂತ ಹಾಡು ಹೆಚ್ಚು, ನಿರ್ದೇಶಕರ ಮಾತಿಗಿಂತ ಬಸ್ತಿಯವರ ಮಾತು ಹೆಚ್ಚು. ಚಿತ್ರಿಸಿದವನನ್ನು ಚಿತ್ರ ಮುಗಿದ ಮೇಲೂ ಮರೆಯದೆ ಉಳಿದದ್ದರಿಂದ ಅವರ ಶೈಲಿಯೇ ಬದಲಾಯಿತು. ನೀತಿ ಕಸುಬನ್ನು ತಿದ್ದಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮಲ್ಲಿ ವಿರಳ.

ಆ ಋಣವನ್ನು ಚಿತ್ರ ಶುರುವಾಗುವ ಮೊದಲೇ ಲೆಕ್ಕಕ್ಕೆ ಹಿಡಿದವರು ಬೆಂಗಳೂರಿನಲ್ಲಿದ್ದರು. ದೀಪಾ ಧನರಾಜ್, ಆಭಾ ಭೈಯಾ, ನವರೋಜ್ ಕಾಂಟ್ರಾಕ್ಟರ್, ಮೀರಾ ರಾವ್ ಸೇರಿ 1980ರಲ್ಲಿ ಕಟ್ಟಿದ 'ಯುಗಾಂತರ್' ಬಳಗ ನಾಲ್ಕೇ ಚಿತ್ರ ಮಾಡಿತು. ಪುಣೆಯ ಮನೆಗೆಲಸದವರ ಬಗ್ಗೆ 'ಮೋಲಕರೀಣ್', ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ಬಗ್ಗೆ 'ತಂಬಾಕು ಚಾಕಿಲಾ ಊಬ್ ಆಲಿ', ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯ ಜೊತೆ ಸೇರಿ ಮನೆಯೊಳಗಿನ ಹಿಂಸೆಯ ಬಗ್ಗೆ ತೆಲುಗಿನಲ್ಲಿ 'ಇದಿ ಕಥಾ ಮಾತ್ರಮೇನಾ', ಚಿಪ್ಕೋ ಚಳವಳಿಯ ಒಬ್ಬ ಹಳ್ಳಿ ಹೆಂಗಸಿನ ಬಗ್ಗೆ 'ಸುದೇಶಾ'. ನಿಪ್ಪಾಣಿಯಲ್ಲಿ ತಂಡ ಸುಮಾರು ನಾಲ್ಕು ತಿಂಗಳು ಆ ಹೆಂಗಸರ ಜೊತೆ ಕಳೆಯಿತು. ತಂಬಾಕಿನ ಧೂಳಿನಲ್ಲಿ ಉಸಿರು ಸಿಕ್ಕಿಕೊಳ್ಳುವ ಕೆಲಸ, ಮಾಲೀಕರ ದರ್ಪ, ಸಂಘ ಕಟ್ಟಿದ ಮೇಲೆ ಬಂದ ಧೈರ್ಯ, ಇವೆಲ್ಲ ಅರ್ಧ ಗಂಟೆಗೂ ಕಡಿಮೆ ಅವಧಿಯಲ್ಲಿ ಬರುತ್ತವೆ. ಒಬ್ಬಳನ್ನು ಆರಿಸಿ ನಾಯಕಿಯನ್ನಾಗಿ ಮಾಡುವ ಗೋಜಿಗೆ ಚಿತ್ರ ಹೋಗುವುದಿಲ್ಲ. ಮಾತು ಒಬ್ಬಳಿಂದ ಇನ್ನೊಬ್ಬಳಿಗೆ ದಾಟುತ್ತಾ ಹೋಗುತ್ತದೆ, ಏಕೆಂದರೆ ಅವರು ಗೆದ್ದದ್ದೇ ಗುಂಪಾಗಿ. ಸಿದ್ಧವಾದ ಚಿತ್ರ ಸಂಘಟನೆಗಳ ಸಭೆಗಳಲ್ಲಿ, ಅದೇ ಕೆಲಸದ ಹೆಂಗಸರ ಮುಂದೆ ಓಡಿತು.

ದೀಪಾ ಧನರಾಜ್ ಅವರ 'ಸಮ್‌ಥಿಂಗ್ ಲೈಕ್ ಎ ವಾರ್' (1991) ಇದೇ ನಿಷ್ಠೆಯನ್ನು ಇನ್ನೂ ಕಠಿಣವಾದ ಜಾಗಕ್ಕೆ ಒಯ್ದಿತು. ಸರ್ಕಾರದ ಕುಟುಂಬ ಯೋಜನೆಯ ಸಂತಾನಹರಣ ಶಿಬಿರದಲ್ಲಿ ವೈದ್ಯ ತನ್ನ ವೇಗದ ಬಗ್ಗೆ ಹೆಮ್ಮೆಪಡುತ್ತಾನೆ, ಮೇಜಿನ ಮೇಲೆ ಹೆಂಗಸರು ಸಾಲಾಗಿ ಬಂದು ಹೋಗುತ್ತಾರೆ. ಮೇಜಿನ ಮೇಲೆ ಮಲಗಿದವಳಿಂದ ನಿಜವಾದ ಒಪ್ಪಿಗೆ ಪಡೆಯಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ. ಸರ್ಕಾರವೂ ಅವಳಿಂದ ಪಡೆದಿರಲಿಲ್ಲ. ಆ ದೃಶ್ಯ ಬೇಕಿತ್ತೇ ಎಂದು ನಾನು ಹಲವು ಸಲ ಕೇಳಿಕೊಂಡಿದ್ದೇನೆ. ಬೇಕಿತ್ತು ಎಂದೇ ನನ್ನ ತೀರ್ಮಾನ. ಅದಕ್ಕೆ ಕಾರಣ ಅದೇ ಚಿತ್ರದ ಇನ್ನೊಂದು ಭಾಗ. ಅಲ್ಲಿ ಹೆಂಗಸರು ಸುತ್ತ ಕೂತು ತಮ್ಮ ಮೈ, ಮುಟ್ಟು, ಬಯಕೆ, ಹೆರಿಗೆಗಳ ಬಗ್ಗೆ ನಗುತ್ತಾ ಮಾತಾಡುತ್ತಾರೆ. ಬರೀ ಶಿಬಿರ ತೋರಿಸಿದ್ದರೆ ಚಿತ್ರವೂ ಅವರನ್ನು ಸರಕಿನಂತೆಯೇ ಕಂಡ ಹಾಗಾಗುತ್ತಿತ್ತು. ಮಾತಿನ ಆ ವೃತ್ತ ಹೆಂಗಸರಿಗೆ ಅವರ ಬುದ್ಧಿಯನ್ನೂ ದನಿಯನ್ನೂ ಮರಳಿಸುತ್ತದೆ. ಯಾವ ದೃಶ್ಯದ ಪಕ್ಕ ಯಾವುದನ್ನು ಇಡಬೇಕು ಎಂಬ ಆಯ್ಕೆಯಲ್ಲಿ ಇಲ್ಲಿ ನೀತಿ ಇದೆ. ಸಹಿ ಹಾಕಿಸಿಕೊಂಡ ಕಾಗದ ಅದನ್ನು ತಂದುಕೊಡಲಾರದು.

ಯುಗಾಂತರ್ ಮೂರು ವರ್ಷಕ್ಕೆ ಯಾಕೆ ನಿಂತಿತು ಎಂಬುದನ್ನೂ ನೋಡಬೇಕು. ಚಳವಳಿಯ ಚಿತ್ರ ಚಳವಳಿಯವರಿಗೆ ಉಚಿತ. ಮಾಡುವವರ ಹೊಟ್ಟೆಪಾಡು ಬೇರೆ ಎಲ್ಲಿಂದಲಾದರೂ ಆಗಬೇಕು. ಹಾಗೆ ಆಗುವ ಅನುಕೂಲ ನಮ್ಮ ಸಮಾಜದಲ್ಲಿ ಯಾರಿಗಿದೆ ಎಂಬುದು ಗೊತ್ತೇ ಇದೆ. ಈ ಪರಂಪರೆಯ ಬಹುಪಾಲು ನಿರ್ದೇಶಕರು ಇಂಗ್ಲಿಷ್ ಓದಿದ, ಮೇಲ್ಜಾತಿಯ, ನಗರದ ಮನೆಗಳಿಂದ ಬಂದವರು. ಅವರ ಪ್ರಾಮಾಣಿಕತೆಯನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಬಡತನ, ಜಾತಿಗಳ ಬಗ್ಗೆ ಇಷ್ಟೊಂದು ಚಿತ್ರ ಮಾಡಿದ ಪರಂಪರೆ, ಬಡವರ ಮನೆಯ ಹುಡುಗಿಯೊಬ್ಬಳು ಚಿತ್ರ ಮಾಡಿಯೇ ಜೀವನ ಸಾಗಿಸುವಂಥ ಹಣದ ವ್ಯವಸ್ಥೆಯನ್ನು ಕಟ್ಟಲಿಲ್ಲ. ಇದು ಅದರ ದೊಡ್ಡ ಸೋಲು.

ಇಂಥ ವ್ಯವಸ್ಥೆಯ ಹತ್ತಿರಕ್ಕೆ ಬಂದದ್ದು 2000ದಲ್ಲಿ ಶುರುವಾದ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್. ದೂರದರ್ಶನ, ಫೋರ್ಡ್ ಫೌಂಡೇಷನ್‌ಗಳ ನೆರವಿನಿಂದ ನೂರಾರು ಸಣ್ಣ ಚಿತ್ರಗಳು ತಯಾರಾದವು, ಎಷ್ಟೋ ಹೊಸಬರಿಗೆ ಮೊದಲ ಅವಕಾಶ ಸಿಕ್ಕಿತು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ತನ್ನ ಅಳತೆಯಲ್ಲಿ ಇದನ್ನೇ ಮಾಡುತ್ತಾ ಬಂದಿದೆ. ಇನ್ನೊಂದೆಡೆ 2004ರ ಮುಂಬಯಿ ಚಿತ್ರೋತ್ಸವ ಸೆನ್ಸಾರ್ ಪತ್ರವಿಲ್ಲದ ಭಾರತೀಯ ಚಿತ್ರಗಳನ್ನು ಹೊರಗಿಡಲು ಹೊರಟಾಗ ನಿರ್ದೇಶಕರು ಒಟ್ಟಾಗಿ 'ವಿಕಲ್ಪ' ಎಂಬ ತಮ್ಮದೇ ಉತ್ಸವ ನಡೆಸಿದರು. ಗುಜರಾತಿನ ಹಿಂಸೆಯ ಬಗ್ಗೆ ರಾಕೇಶ್ ಶರ್ಮಾ ಮಾಡಿದ 'ಫೈನಲ್ ಸಲ್ಯೂಷನ್' ಕೈಯಿಂದ ಕೈಗೆ ನಕಲಾಗಿ ಹರಡಿತು. ಒಗ್ಗಟ್ಟು ಬಂತು, ಪ್ರೇಕ್ಷಕರು ಬಂದರು, ಹಣ ಬರಲಿಲ್ಲ. ಸರ್ಕಾರದ ಕಡೆಯ ಹಳೆಯ ಫಿಲ್ಮ್ಸ್ ಡಿವಿಷನ್ ಕೂಡ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ (ಎನ್‌ಎಫ್‌ಡಿಸಿ) ಲೀನವಾಯಿತು.

ಈಗ ದುಡ್ಡಿನ ದಾರಿ ಪಿಚಿಂಗ್ ಸಭೆಗಳ ಮೂಲಕ ಹಾದುಹೋಗುತ್ತದೆ. ಕೋಲ್ಕತ್ತಾದಲ್ಲಿ, ಆಮ್‌ಸ್ಟರ್‌ಡಾಮ್‌ನಲ್ಲಿ, ಕೆಲವೇ ನಿಮಿಷಗಳಲ್ಲಿ ದೇಶವಿದೇಶದ ಹಣಕಾಸುದಾರರ ಮುಂದೆ ತನ್ನ ಚಿತ್ರವನ್ನು ನಿರ್ದೇಶಕ ಮಂಡಿಸಬೇಕು. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮುಖ್ಯ ಪಾತ್ರ ಯಾರು? ಆ ಮನೆಯೊಳಗೆ ನಿನಗೆ ಎಷ್ಟು ಪ್ರವೇಶವಿದೆ? ಕೊನೆಗೆ ಆ ವ್ಯಕ್ತಿ ಏನಾಗಿ ಬದಲಾಗುತ್ತಾನೆ? ಈ ಹಣದಿಂದ ನಿಜಕ್ಕೂ ಚೆಲುವಾದ ಚಿತ್ರಗಳು ಬಂದಿವೆ. ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' (2022) ದೆಹಲಿಯ ಗಾಯಗೊಂಡ ಹದ್ದುಗಳನ್ನು ಉಪಚರಿಸುವ ಅಣ್ಣತಮ್ಮಂದಿರ ಬಗ್ಗೆ ಎಷ್ಟು ಸಾವಧಾನದಿಂದ ಮಾತಾಡುತ್ತದೆ ಎಂದರೆ, ನಗರದ ದ್ವೇಷ ಅಂಚಿನಿಂದ ಒಳಗೆ ತೂರುವುದು ನಮ್ಮ ಮೈಗೇ ತಾಕುತ್ತದೆ. ನನ್ನ ಆತಂಕ ಆ ಒಂದು ಚಿತ್ರದ ಬಗ್ಗೆ ಅಲ್ಲ. ಆ ಮೂರು ಪ್ರಶ್ನೆಗಳಿಗೆ ನಿಪ್ಪಾಣಿಯ ಚಿತ್ರದ ಬಳಿ ಉತ್ತರವಿಲ್ಲ, ಹಾಗಾಗಿ ಇವತ್ತು ಅದಕ್ಕೆ ಹಣ ಹುಟ್ಟುವುದು ಕಷ್ಟ. ಗುಂಪಾಗಿ ಗೆದ್ದವರ ಕಥೆಯನ್ನು ಒಬ್ಬರ ಕಥೆಯಾಗಿ ಸಣ್ಣದು ಮಾಡಿದರೆ ಮಾತ್ರ ಬಾಗಿಲು ತೆರೆಯುವಂತಿದೆ.

ಹಾಗೆ ಮಾಡಿದಾಗ ಚಿತ್ರದೊಳಗಿನವರು ಸುಮ್ಮನಿರುವುದಿಲ್ಲ. ಬುಂದೇಲಖಂಡದ ಹೆಂಗಸರು ನಡೆಸುವ 'ಖಬರ್ ಲಹರಿಯಾ' ಪತ್ರಿಕೆಯ ಕುರಿತ 'ರೈಟಿಂಗ್ ವಿತ್ ಫೈರ್' ಚಿತ್ರ ಆಸ್ಕರ್ ಅಂತಿಮ ಪಟ್ಟಿಗೆ ಹೋಯಿತು. 2022ರ ಮಾರ್ಚಿನಲ್ಲಿ, ಪ್ರಶಸ್ತಿ ಸಮಾರಂಭಕ್ಕೆ ಮುಂಚೆ, ಪತ್ರಿಕೆಯವರೇ ಹೇಳಿಕೆ ಹೊರಡಿಸಿದರು. ಚಿತ್ರ ಮನಮುಟ್ಟುವಂತಿದೆ, ಆದರೆ ನಮ್ಮ ಇಡೀ ಕೆಲಸವನ್ನು ಒಂದೇ ಪಕ್ಷದ ಬೆನ್ನುಬಿದ್ದ ವರದಿಗಾರಿಕೆಯಂತೆ ತೋರಿಸಿದೆ ಎಂಬುದು ಅವರ ಆಕ್ಷೇಪದ ತಿರುಳು. ನಿರ್ದೇಶಕರು ವರ್ಷಗಟ್ಟಲೆ ಅವರ ಜೊತೆ ಓಡಾಡಿದ್ದವರು, ಅವರ ಶ್ರದ್ಧೆ ಚಿತ್ರದಲ್ಲಿ ಕಾಣುತ್ತದೆ. ಆದರೂ ಆ ಹೇಳಿಕೆಯ ಪರ ನಾನಿದ್ದೇನೆ. ಪತ್ರಕರ್ತೆಯರಾದ್ದರಿಂದ ಅವರಿಗೆ ಲೋಕದ ಮುಂದೆ ತಕರಾರು ತೆಗೆಯಲು ಸಾಧ್ಯವಾಯಿತು. ಹೊರಲೋಕಕ್ಕೆ ದನಿ ಮುಟ್ಟಿಸುವ ಯಾವ ಸಾಧನವೂ ಇಲ್ಲದವರು ತಮ್ಮ ಮುಖವನ್ನು ತೆರೆಯ ಮೇಲೆ ಕಂಡು ಒಪ್ಪದಿದ್ದಾಗ ಏನು ಮಾಡಬೇಕು? ಓದಲಾಗದ ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರಿಗೆ ಚಿತ್ರದ ಕರಡನ್ನು ನೋಡಿ 'ಇದು ಬೇಡ' ಎನ್ನುವ ಹಕ್ಕು ಬೇಕು. ಪತ್ರ ಅವರ ಭಾಷೆಯಲ್ಲಿರಬೇಕು. ಚಿತ್ರ ಮಾರಾಟವಾದರೆ ಅವರಿಗೂ ಪಾಲು ಸಲ್ಲಬೇಕು. ಹಣ ಕೊಟ್ಟರೆ ಸತ್ಯ ಕೆಡುತ್ತದೆ ಎಂಬ ಹಳೆಯ ವಾದವನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾದವನಿಗೆ, ಸಂಕಲನಕಾರನಿಗೆ ಸಂಬಳ ಕೊಟ್ಟಾಗ ಕೆಡದ ಸತ್ಯ, ಬದುಕನ್ನೇ ತೆರೆದಿಟ್ಟವಳಿಗೆ ಚಿತ್ರ ಮುಗಿದ ಮೇಲೆ ಕೊಟ್ಟಾಗ ಕೆಡುವುದು ಹೇಗೆ?

ಕನ್ನಡದ ಮಟ್ಟಿಗೆ ಸಾಕ್ಷ್ಯಚಿತ್ರವೆಂದರೆ ಹೆಚ್ಚಾಗಿ ಕವಿ, ಕಲಾವಿದರ ವ್ಯಕ್ತಿಚಿತ್ರ. ಗಿರೀಶ ಕಾರ್ನಾಡರು ಬೇಂದ್ರೆಯವರ ಬಗ್ಗೆ 1972ರಲ್ಲಿ ಮಾಡಿದ ಚಿತ್ರ ಆ ಸಾಲಿನ ಹೊಳೆಯುವ ಉದಾಹರಣೆ. ಕನ್ನಡ ನಾಡಿನ ಕೂಲಿ, ನೆಲ, ನೀರಿನ ಜಗಳಗಳು ಆ ಪ್ರಮಾಣದಲ್ಲಿ ಚಿತ್ರವಾಗಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಯುಗಾಂತರ್ ಬಳಗದ ನಾಲ್ಕು ಚಿತ್ರಗಳಲ್ಲಿ ಒಂದೂ ಕನ್ನಡದ್ದಲ್ಲ. ನಿಪ್ಪಾಣಿಯ ಹೆಂಗಸರ ಮಾತು ಮರಾಠಿ, ಅದು ಸಹಜ. ಆದರೆ ಕನ್ನಡದ ಸಂಘಟನೆಗಳು, ಕಾಲೇಜುಗಳು ಇಂಥ ಚಿತ್ರವನ್ನು ತಮ್ಮದೆಂದು ಕರೆದುಕೊಳ್ಳಲಿಲ್ಲ ಎಂಬುದು ನಮ್ಮ ಕೊರತೆ.

ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಎಂಬತ್ತರ ದಶಕದಲ್ಲಿ ಊರೂರಿನಲ್ಲಿ ಚಿತ್ರ ತೋರಿಸಿ, ಜನರಿಂದ ಚಿಲ್ಲರೆ ಕಾಸು ಕೂಡಿಸಿ 'ಅಮ್ಮ ಅರಿಯಾನ್' ಎಂಬ ಕಥಾಚಿತ್ರವನ್ನೇ ಮಾಡಿತು. ಹಾಗೆ ತೋರಿಸಿದ್ದರಲ್ಲಿ 'ಹಮಾರಾ ಶಹರ್' ಕೂಡ ಇತ್ತು. ನಮ್ಮಲ್ಲಿ ಸಾಕ್ಷ್ಯಚಿತ್ರ ಪ್ರದರ್ಶನವೆಂದರೆ ಉಚಿತ ಪ್ರವೇಶ, ನಿರ್ದೇಶಕರಿಗೆ ಒಂದು ಶಾಲು, ಹಣ್ಣಿನ ಬುಟ್ಟಿ. ನಾಟಕಕ್ಕೆ, ತಾಳಮದ್ದಳೆಗೆ ಹಣ ಕೂಡಿಸಲು ಬಲ್ಲ ಕನ್ನಡದ ಊರುಗಳಿಗೆ ಚಿತ್ರಕ್ಕಾಗಿ ಹಾಗೆ ಕಾಸು ಕೂಡಿಸುವುದು ಕೈಲಾಗದ ಕೆಲಸವಲ್ಲ. ಯುಗಾಂತರ್ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಜೀರ್ಣೋದ್ಧಾರ ಮಾಡಿ ಡಿಜಿಟಲ್ ರೂಪಕ್ಕೆ ತಂದಿದೆ. ಅನುಮತಿ ಕೇಳಿ, ಕನ್ನಡದ ಅಡಿಬರಹ ಹಾಕಿಸಿ, ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಗಳಿಂದಲೇ ಪ್ರದರ್ಶನ ಶುರು ಮಾಡಬಹುದು. ಇಪ್ಪತ್ತೋ ಮೂವತ್ತೋ ರೂಪಾಯಿಯ ಟಿಕೆಟ್ ಇಡಬೇಕು. ಬಂದ ಹಣದಲ್ಲಿ ಒಂದು ಪಾಲು ಅಲ್ಲಿನ ತಂಬಾಕು, ಬೀಡಿ ಕೆಲಸದ ಹೆಂಗಸರ ಸಂಘಕ್ಕೆ ಹೋಗಲಿ. ಇನ್ನೊಂದು ಪಾಲು ಅದೇ ಊರಿನ ಒಬ್ಬ ಹುಡುಗಿಯ ಮೊದಲ ಚಿತ್ರಕ್ಕೆ ಬಂಡವಾಳವಾಗಲಿ.