ಬೇಳೆ ಬೇಯದ ನೀರು, ಬಸವನಹುಳು ಬದುಕುವ ನೀರು

ಗಾಜಿಗೆ ಪಾಚಿ ಕಟ್ಟಿದೆ ಎಂದು ಅಕ್ವೇರಿಯಂ ಅಂಗಡಿಯಲ್ಲಿ ಹೇಳಿ ನೋಡಿ. ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಸಿಗುವ ಉತ್ತರ ಒಂದೇ: ‘ಒಂದು ಸ್ನೇಲ್ ಹಾಕ್ಕೊಳ್ಳಿ ಸಾರ್, ಎಲ್ಲಾ ಕ್ಲೀನ್ ಮಾಡುತ್ತೆ. ಅದಕ್ಕೆ ಊಟಾನೂ ಹಾಕ್ಬೇಕಾಗಿಲ್ಲ.’ ಯಾವ ನೀರು ಹಾಕಲಿ ಎಂದು ಕೇಳಿದರೆ ಎರಡನೆಯ ಉಪದೇಶ: ‘ಫಿಲ್ಟರ್ ನೀರೇ ಹಾಕಿ, ಒಳ್ಳೇದು.’ ಈ ಎರಡೂ ಮಾತನ್ನು ಶ್ರದ್ಧೆಯಿಂದ ಪಾಲಿಸಿದ ಮನೆಗಳಲ್ಲಿ ಬಂಗಾರದ ಬಣ್ಣದ ಹುಳು ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ, ಚಿಪ್ಪಿನ ತುದಿ ಸವೆಯುತ್ತದೆ, ಒಂದು ದಿನ ತಳದಲ್ಲಿ ಚಿಪ್ಪಿನ ಬಾಯಿಯ ಮುಚ್ಚಳ ಸಡಿಲಿಸಿಕೊಂಡು ಬಿದ್ದಿರುತ್ತದೆ. ‘ಅದರ ಆಯಸ್ಸೇ ಅಷ್ಟು’ ಎಂದುಕೊಂಡು ಇನ್ನೊಂದನ್ನು ತರುತ್ತಾರೆ.

ಆಯಸ್ಸು ಅಷ್ಟೇ ಅಲ್ಲ. ನಮ್ಮಲ್ಲಿ ಆಪಲ್ ಸ್ನೇಲ್ ಎಂದೋ ಮಿಸ್ಟರಿ ಸ್ನೇಲ್ ಎಂದೋ ಮಾರುವ, ಹಳದಿ, ನೀಲಿ, ದಂತದ ಬಣ್ಣಗಳಲ್ಲಿ ಬರುವ ಹುಳು ಹೆಚ್ಚಾಗಿ ಪೊಮೇಸಿಯಾ ಡಿಫ್ಯೂಸಾ ಎಂಬ ಜಾತಿಯದು, ದಕ್ಷಿಣ ಅಮೆರಿಕ ಮೂಲದ್ದು. ಸರಿಯಾಗಿ ನೋಡಿಕೊಂಡರೆ ಒಂದು ವರ್ಷಕ್ಕೆ ಮೋಸವಿಲ್ಲ, ಎರಡು ವರ್ಷ ಮುಟ್ಟುವುದೂ ಉಂಟು. ಅದು ಬೇಗ ಸತ್ತರೆ ತೊಟ್ಟಿ ಕೊಳಕಾಗಿತ್ತು ಎಂದು ನೆಂಟರಿಷ್ಟರೆಲ್ಲ ತೀರ್ಪು ಕೊಡುತ್ತಾರೆ. ನನಗೆ ಕಂಡಂತೆ ಸಂಗತಿ ತಿರುವುಮುರುವಾಗಿದೆ. ಬಹಳ ಮನೆಗಳಲ್ಲಿ ಅದನ್ನು ಕೊಲ್ಲುತ್ತಿರುವುದು ನಮ್ಮ ಸ್ವಚ್ಛತೆಯ ಕಲ್ಪನೆಯೇ.

ಮೊದಲು ‘ಕ್ಲೀನ್ ಮಾಡುತ್ತೆ’ ಎಂಬ ಮಾತನ್ನು ನೋಡೋಣ. ಅದು ಪೂರ್ತಿ ಸುಳ್ಳಲ್ಲ. ನೆರೈಟ್ ಜಾತಿಯ ಹುಳು ರಾತ್ರಿಯೆಲ್ಲ ಗಾಜಿನ ಮೇಲೆ ಓಡಾಡಿದರೆ ಬೆಳಿಗ್ಗೆ ಹಸಿರು ಪದರದಲ್ಲಿ ಅಂಕುಡೊಂಕು ಹಾದಿಗಳು ಕಾಣುತ್ತವೆ. ಸಣ್ಣ ಸಣ್ಣ ಹಲ್ಲಿನ ಸಾಲುಗಳಿರುವ ಅದರ ನಾಲಿಗೆ ಅರ ಹಾಕಿದಂತೆ ಪಾಚಿಯನ್ನು ಕೆರೆಯುತ್ತದೆ. ಆದರೆ ಕೆರೆದು ತಿಂದದ್ದು ಎಲ್ಲಿ ಹೋಯಿತು? ತೊಟ್ಟಿಯೊಳಗೇ ಇದೆ. ಹಿಕ್ಕೆ ಹಾಕುವ ವಿಷಯದಲ್ಲಿ ಬಸವನಹುಳು ಬಲು ಉದಾರಿ. ಪಾಚಿಯಲ್ಲಿದ್ದ ಸಾರಜನಕ ಹಿಕ್ಕೆಯಾಗಿ, ಅಮೋನಿಯಾ ಆಗಿ ಅದೇ ನೀರಿಗೆ ಮರಳುತ್ತದೆ, ಅದನ್ನುಂಡು ಮತ್ತೆ ಪಾಚಿ ಬೆಳೆಯುತ್ತದೆ. ಆ ಸಾರಜನಕ ನಿಜವಾಗಿ ಹೊರಗೆ ಹೋಗಬೇಕಾದರೆ ನೀವು ಬಕೆಟ್ಟು ಹಿಡಿದು ನೀರು ಬದಲಿಸಬೇಕು, ಇಲ್ಲವೇ ತೊಟ್ಟಿಯಲ್ಲಿ ಗಿಡ ಬೆಳೆಸಿ ಆಗಾಗ ಕತ್ತರಿಸಿ ತೆಗೆಯಬೇಕು. ಈ ಎರಡೂ ಇಲ್ಲದೆ ಹುಳು ಮಾತ್ರ ತಂದು ಬಿಟ್ಟವರು ಉಣ್ಣುವ ಬಾಯೊಂದನ್ನು ಹೆಚ್ಚಿಸಿಕೊಂಡರು ಅಷ್ಟೆ.

ಮಿಸ್ಟರಿ ಸ್ನೇಲ್‌ಗಂತೂ ಗಾಜಿನ ಪಾಚಿ ನೆಚ್ಚಿನ ಊಟವೇ ಅಲ್ಲ. ಅದಕ್ಕೆ ಬೇಕಾದದ್ದು ಮೆತ್ತಗಾದ ಎಲೆ, ಬೆಂದ ತರಕಾರಿ, ಮೀನು ಬಿಟ್ಟ ಉಳಿಕೆ. ತಿಕ್ಕಿ ತೊಳೆದು ಫಳಫಳ ಹೊಳೆಯುವ ಹೊಸ ತೊಟ್ಟಿಗೆ ಅದನ್ನು ಬಿಟ್ಟು ‘ಊಟ ಬೇಡ’ ಎಂದರೆ ಉಪವಾಸವೇ ಗತಿ. ಹಸಿದ ಹುಳು ಒಂದೇ ದಿನದಲ್ಲಿ ಸಾಯುವುದಿಲ್ಲ. ವಾರಗಟ್ಟಲೆ ಕುಗ್ಗುತ್ತ ಹೋಗಿ, ಮುಟ್ಟಿದರೆ ಚಿಪ್ಪಿನೊಳಗೆ ಆಳಕ್ಕೆ ಸರಿಯುತ್ತದೆ. ನೋಡುವವರು ನಿದ್ದೆ ಮಾಡುತ್ತಿದೆ ಎನ್ನುತ್ತಾರೆ.

ಇನ್ನು ಫಿಲ್ಟರ್ ನೀರು. ಇಲ್ಲೇ ನನ್ನ ದೊಡ್ಡ ತಕರಾರು. ಬಸವನಹುಳುವಿನ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು, ಸುಣ್ಣದ ಕಲ್ಲು ಆಗಿರುವುದೂ ಅದರಿಂದಲೇ. ಈ ಕ್ಯಾಲ್ಸಿಯಂ ಅದಕ್ಕೆ ಊಟದಿಂದಲೂ ಬರುತ್ತದೆ, ಚರ್ಮದ ಮೂಲಕ ನೀರಿನಿಂದಲೂ ಬರುತ್ತದೆ. ಮನೆಯ ಆರ್‌ಒ ಯಂತ್ರ ಮಾಡುವ ಕೆಲಸವೇ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟುಗಳನ್ನು ತೆಗೆದುಹಾಕುವುದು. ಹುಳುವಿಗೆ ಬೇಕಾದದ್ದೆಲ್ಲ ಸಿಂಕಿನ ಕೆಳಗಿನ ತ್ಯಾಜ್ಯದ ಕೊಳವೆಯಲ್ಲಿ ಹರಿದುಹೋಗುತ್ತದೆ, ಖಾಲಿ ನೀರು ತೊಟ್ಟಿಗೆ ಬೀಳುತ್ತದೆ. ಹಾಗೆಂದು ಆ ಕೊಳವೆಯ ನೀರನ್ನೇ ಹಿಡಿದು ತೊಟ್ಟಿಗೆ ಸುರಿಯಬೇಡಿ, ನೈಟ್ರೇಟೂ ಉಪ್ಪೂ ಅಲ್ಲೇ ಗಟ್ಟಿಯಾಗಿ ಸೇರಿರುತ್ತವೆ.

ಖಾಲಿ ನೀರಿನ ಕೇಡು ಮೊದಲ ದಿನ ಕಾಣುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲವೂ ಹುಟ್ಟುತ್ತದೆ. ನೀರಿನಲ್ಲಿ ಬೈಕಾರ್ಬೊನೇಟು ಸಾಕಷ್ಟಿದ್ದರೆ ಆ ಆಮ್ಲವನ್ನು ಅದು ಅಲ್ಲಲ್ಲೇ ಅಡಗಿಸುತ್ತದೆ. ಆರ್‌ಒ ನೀರಿನಲ್ಲಿ ಅಡಗಿಸಲು ಯಾರೂ ಇಲ್ಲ. ಪಿಎಚ್ ಇಳಿಯುತ್ತ ಬಂದು 7ರ ಕೆಳಗೆ ಹೋದ ಮೇಲೆ ನೀರೇ ಚಿಪ್ಪನ್ನು ಕರಗಿಸತೊಡಗುತ್ತದೆ. ಆವಿಯಾದಷ್ಟು ಮೇಲಿಂದ ತುಂಬಿಸುವುದನ್ನೇ ನೀರು ಬದಲಿಸುವುದು ಎಂದುಕೊಂಡವರ ತೊಟ್ಟಿಯಲ್ಲಿ ಇದು ಇನ್ನೂ ಬೇಗ. ಕಣ್ಣಿಗೆ ಮಾತ್ರ ನೀರು ಸ್ಫಟಿಕದ ಹಾಗೆ ತಿಳಿಯಾಗಿಯೇ ಇರುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕಿಂತ ಜಾಣ ಮೋಸವೊಂದಿದೆ. ಕೊಳವೆಬಾವಿಯ ಗಡಸು ನೀರು ಗೀಸರು, ನಲ್ಲಿಗಳನ್ನು ಕೆಡಿಸುತ್ತದೆಂದು ಅಲ್ಲಿ ಸಾಫ್ಟನರ್ ಘಟಕ ಇಟ್ಟಿರುತ್ತಾರೆ, ಮೂಟೆಗಟ್ಟಲೆ ಉಪ್ಪು ಸುರಿಯುತ್ತಿರುತ್ತಾರೆ. ಆ ಘಟಕ ನೀರಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಈ ನೀರಿಗೆ ನಮ್ಮ ಜನ ಬಲು ನಂಬುವ ಟಿಡಿಎಸ್ ಮೀಟರ್ ಅದ್ದಿದರೆ ಅದು ದೊಡ್ಡ ಅಂಕಿಯನ್ನೇ ತೋರಿಸುತ್ತದೆ. ‘ಲವಣ ಬೇಕಾದಷ್ಟಿದೆ, ಹುಳುವಿಗೇನು ಕೊರತೆ’ ಎಂದು ಮಾಲೀಕರು ನಿಶ್ಚಿಂತರಾಗುತ್ತಾರೆ. ಮೀಟರಿಗೆ ಗೊತ್ತಾಗುವುದು ಒಟ್ಟು ಲವಣ ಎಷ್ಟೆಂಬುದು, ಯಾವ ಲವಣ ಎಂಬುದಲ್ಲ. ಅಂಕಿ 600 ಇದ್ದೂ ಕ್ಯಾಲ್ಸಿಯಂ ಹೆಸರಿಗಷ್ಟೇ ಇರಬಹುದು. ಇದಕ್ಕೆ ಟಿಡಿಎಸ್ ಪೆನ್ನಿನ ಬದಲು ಗಡಸುತನ ಅಳೆಯುವ ಹನಿ ಹಾಕುವ ಕಿಟ್ ಬೇಕು. ಅದೂ ಇಲ್ಲದವರಿಗೆ ಅಡುಗೆಮನೆಯ ಹಳೆಯ ಪರೀಕ್ಷೆ ಇದ್ದೇ ಇದೆ: ಬೇಳೆ ಬೇಯಲು ಸತಾಯಿಸುವ, ಸೋಪು ನೊರೆ ಬಾರದ ನೀರು ಗಡಸು. ನಾವು ಶಪಿಸುವ ಆ ನೀರೇ ಬಸವನಹುಳುವಿಗೆ ಒಗ್ಗುವ ನೀರು. ಲೀಟರಿಗೆ 150 ಮಿಲಿಗ್ರಾಂ ಮೇಲ್ಪಟ್ಟ ಗಡಸುತನ, 7.2ರಿಂದ 8ರ ಆಸುಪಾಸಿನ ಪಿಎಚ್ ಇದ್ದರೆ ಮಿಸ್ಟರಿ ಸ್ನೇಲ್ ನೆಮ್ಮದಿಯಾಗಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವೇ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುತ್ತದೆ, ಬೇರೆ ಮೂಲವಿಲ್ಲದಾಗ 600ರವರೆಗೂ ಬಿಡುತ್ತದೆ.

ಕೋಲಾರ, ತುಮಕೂರು ಕಡೆಯವರಿಗೆ ಹಾಗಾದರೆ ಚಿಂತೆ ಕಡಿಮೆ. ಆದರೆ ಅದೇ ಸಲಹೆಯನ್ನು ಉಡುಪಿಗೋ ಮಂಗಳೂರಿಗೋ ಒಯ್ದರೆ ಎಡವಟ್ಟಾಗುತ್ತದೆ. ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಮೆದು, ಹಲವು ಕಡೆ ಹುಳಿಯ ಕಡೆಗೇ ವಾಲಿರುತ್ತದೆ. ಅಲ್ಲಿ ಆರ್‌ಒ ಇಲ್ಲದೆಯೂ ಚಿಪ್ಪು ಸವೆಯುತ್ತದೆ. ಕೊಳವೆಬಾವಿಯ ನೀರೆಲ್ಲ ಅಮೃತವೆಂದೂ ನಾನು ಹೇಳುತ್ತಿಲ್ಲ. ನೈಟ್ರೇಟು ವಿಪರೀತವಿದ್ದಲ್ಲಿ ಆರ್‌ಒ ನೀರನ್ನು ಅದಕ್ಕೆ ಬೆರೆಸಿ ಹದ ಮಾಡಿಕೊಳ್ಳುವುದೇ ಸರಿ. ಕೂಡದ್ದು ಆರ್‌ಒ ಒಂದನ್ನೇ ಸುರಿಯುವುದು.

ಹುಳು ಬದುಕಿದ ನೀರಿನ ಚರಿತ್ರೆ ಅದರ ಚಿಪ್ಪಿನ ಮೇಲೇ ಇರುತ್ತದೆ, ಓದಲು ಕಲಿಯಬೇಕು ಅಷ್ಟೆ. ಸುರುಳಿಯ ತುದಿ ಅತ್ಯಂತ ಹಳೆಯ ಭಾಗ, ಬಾಯಂಚು ಅತ್ಯಂತ ಹೊಸದು. ಚಿಪ್ಪಿನ ಮೇಲಿನ ತೆಳುವಾದ ರಕ್ಷಣೆಯ ಪದರ ಮೊದಲು ಸವೆಯುವುದು ತುದಿಯಲ್ಲಿ, ಅದು ಹೋದ ಜಾಗದಲ್ಲಿ ಆಮ್ಲೀಯ ನೀರು ಬಿಳಿ ಗುಳಿಗಳನ್ನು ಕೊರೆಯುತ್ತದೆ. ಒಮ್ಮೆ ಕೊರೆದ ಗುಳಿ ಹೊರಗಿನಿಂದ ಮತ್ತೆ ತುಂಬುವುದಿಲ್ಲ. ನೀವು ನೀರು ಸರಿಪಡಿಸಿದ ಮೇಲೂ ತುದಿ ಹಾಗೇ ಬೋಳಾಗಿರುತ್ತದೆ. ಹೀಗಾಗಿ ತುದಿಯನ್ನು ನೋಡಿ ಕೈಚೆಲ್ಲುವುದೂ ತಪ್ಪು. ಬಾಯಂಚಿನ ಕಡೆ ನೋಡಿ. ಅಲ್ಲಿ ಹೊಸದಾಗಿ ಬಂದ ಪಟ್ಟಿ ನಯವಾಗಿ ಗಟ್ಟಿಯಾಗಿದ್ದರೆ ನೀರು ಈಗ ಸರಿ ಇದೆ. ಅದು ಕಾಗದದಷ್ಟು ತೆಳುವಾಗಿ, ಬೆರಳು ತಾಗಿದರೆ ಚಕ್ಕೆ ಏಳುವಂತಿದ್ದರೆ ಕ್ಯಾಲ್ಸಿಯಂ ಇಂದಿಗೂ ಸಾಲುತ್ತಿಲ್ಲ. ಕೊಳ್ಳುವಾಗಲೂ ಬಣ್ಣಕ್ಕೆ ಮರುಳಾಗದೆ ಈ ಅಂಚನ್ನೇ ನೋಡಿ ಆರಿಸಬೇಕು.

ಇಷ್ಟು ಹೇಳಿದ ಕೂಡಲೇ ಬರುವ ಪರಿಹಾರ, ಮೊಟ್ಟೆಯ ಚಿಪ್ಪು. ಒಂದು ತುಂಡು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಬಲವಾದ ನಂಬಿಕೆ. ಕ್ಯಾಲ್ಸಿಯಂ ಕಾರ್ಬೊನೇಟು ಕರಗಬೇಕಾದರೆ ನೀರು ಒಂದಿಷ್ಟು ಆಮ್ಲೀಯವಾಗಿರಬೇಕು. ಪಿಎಚ್ 8 ಇರುವ ನೀರಿನಲ್ಲಿ ಮೊಟ್ಟೆ ಚಿಪ್ಪು ತಿಂಗಳುಗಟ್ಟಲೆ ಇದ್ದಲ್ಲೇ ಇರುತ್ತದೆ. ಮೆದು ನೀರಿನಲ್ಲಿ ಅದು ನಿಧಾನಕ್ಕೆ ಕರಗಿ ಉಪಯೋಗಕ್ಕೆ ಬರುವುದು ನಿಜ. ಲವ್‌ಬರ್ಡ್‌ಗಳಿಗೆಂದು ಮಾರುವ ಕಟಲ್ ಬೋನ್ ಇನ್ನೂ ವಾಸಿ, ಹುಳು ಅದನ್ನು ನೇರವಾಗಿ ಕೆರೆದು ತಿನ್ನಲೂಬಹುದು. ಆದರೆ ಆರ್‌ಒ ನೀರಿಗೆ ಪ್ರತಿ ವಾರ ಆರ್‌ಒ ನೀರನ್ನೇ ಸುರಿಯುತ್ತ, ಮೂಲೆಯಲ್ಲಿ ಒಂದು ಮೊಟ್ಟೆ ಚಿಪ್ಪಿಟ್ಟರೆ ಲೆಕ್ಕ ಸರಿದೂಗುವುದಿಲ್ಲ. ಇದಕ್ಕಿಂತ ಭಯಂಕರವಾದದ್ದು ವೀಳ್ಯದ ಸುಣ್ಣ ಹಾಕುವ ಸಲಹೆ. ಅದು ಕಾರ್ಬೊನೇಟಲ್ಲ, ಹೈಡ್ರಾಕ್ಸೈಡು. ಚಿಟಿಕೆ ಸುಣ್ಣಕ್ಕೇ ಸಣ್ಣ ತೊಟ್ಟಿಯ ಪಿಎಚ್ ಸರ್ರನೆ ಏರಿ ಮೀನು, ಹುಳು ಎರಡಕ್ಕೂ ಸುಟ್ಟಗಾಯವಾದೀತು.

ಊಟದಲ್ಲಿ ಸೌತೆಕಾಯಿಯ ಬಿಲ್ಲೆಯನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ. ಪಾಲಕ್ ಕೊಡುವವರಿದ್ದಾರೆ, ಆದರೆ ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ನುಗ್ಗೆ ಸೊಪ್ಪು ನಮ್ಮ ಹಿತ್ತಿಲಲ್ಲೇ ಇರುವ, ಕ್ಯಾಲ್ಸಿಯಂ ತುಂಬಿದ ಸೊಪ್ಪು. ಬಿಸಿನೀರಿನಲ್ಲಿ ಬಾಡಿಸಿ ಹಾಕಿ, ಉಳಿದದ್ದನ್ನು ಮರುದಿನ ತೆಗೆದುಬಿಟ್ಟರೆ ಸಾಕು.

ತಾಮ್ರದ ವಿಷಯದಲ್ಲಿ ನಮ್ಮ ಶುದ್ಧತೆಯ ಶ್ರದ್ಧೆ ನೇರವಾಗಿ ವಿಷವಾಗುತ್ತದೆ. ಹುಳುವಿನ ರಕ್ತದಲ್ಲೇ ತಾಮ್ರವಿದೆ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ, ಆಮ್ಲಜನಕ ಹೊರುವ ಕೆಲಸವನ್ನು ಮಿಸ್ಟರಿ ಸ್ನೇಲ್‌ನಲ್ಲಿ ಅದು ಮಾಡುತ್ತದೆ. ಆದರೂ ನೀರಿನಲ್ಲಿ ಕರಗಿದ ತಾಮ್ರ ಅತಿ ಸ್ವಲ್ಪ ಪ್ರಮಾಣದಲ್ಲೇ ಅದಕ್ಕೆ ಮಾರಕ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ ಬಸವನಹುಳುಗಳನ್ನು ಕೊಲ್ಲಲೂ ಬಳಕೆಯಾಗುತ್ತದೆ. ಹೀಗಿರುವಾಗ ಆರೋಗ್ಯಕ್ಕೆ ಒಳ್ಳೆಯದೆಂದು ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಟ್ಟ ನೀರನ್ನು ತೊಟ್ಟಿಗೂ ಒಂದು ತಂಬಿಗೆ ಹಾಕುವುದು ಹುಳುವಿಗೆ ಮಾಡುವ ಉಪಕಾರವಲ್ಲ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಮಾರುವ ಕೆಲವು ಔಷಧಿಗಳಲ್ಲಿಯೂ ತಾಮ್ರವಿರುತ್ತದೆ. ಔಷಧಿ ಹಾಕಬೇಕಾದಾಗ ಕಾಯಿಲೆಯ ಮೀನನ್ನು ಬೇರೆ ಪಾತ್ರೆಗೆ ತೆಗೆಯಿರಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಹಿಂಡಿ ಹಿಂಡಿ ಬೆಳ್ಳಗೆ ಮಾಡುವವರೂ ಇದೇ ಸಾಲಿನವರು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರೊಂದಿಗೇ ಹೋಗುತ್ತದೆ. ಆ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿ ಹಗುರಾಗಿ ಅದ್ದಿ ತೆಗೆದರೆ ಸಾಕು.

ಜೊತೆಗಾರರ ಆಯ್ಕೆಯಲ್ಲೂ ಎಚ್ಚರ ಬೇಕು. ಗೋಲ್ಡ್‌ಫಿಶ್ ಕುತೂಹಲಕ್ಕೆ ಹುಳುವಿನ ಮೀಸೆ ಕಚ್ಚುತ್ತಿರುತ್ತದೆ, ಲೋಚ್ ಮೀನು ಹುಳುವನ್ನೇ ತಿನ್ನುತ್ತದೆ. ಮಿಸ್ಟರಿ ಸ್ನೇಲ್‌ಗೆ ಕಿವಿರಿನ ಜೊತೆ ಶ್ವಾಸಕೋಶವೂ ಇದೆ. ಉಸಿರಿನ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ತೊಟ್ಟಿಯನ್ನು ಅಂಚಿನತನಕ ತುಂಬದೆ ನಾಲ್ಕು ಬೆರಳು ಬಿಡಿ, ಮೇಲೊಂದು ಮುಚ್ಚಳ ಇರಲಿ. ಇಲ್ಲದಿದ್ದರೆ ರಾತ್ರಿ ಹತ್ತಿ ಹೊರಗೆ ಬಿದ್ದು ಸೋಫಾದ ಕೆಳಗೆ ಒಣಗಿರುತ್ತದೆ.

ಕೊನೆಗೆ, ‘ಹುಳು ಸಿಕ್ಕಾಪಟ್ಟೆ ಹೆಚ್ಚಿವೆ, ತೊಟ್ಟಿ ಹಾಳಾಯಿತು’ ಎಂಬ ದೂರು. ಇದು ಸಾಮಾನ್ಯವಾಗಿ ಗಿಡಗಳ ಜೊತೆ ಬಂದ ರಾಮ್ಸ್‌ಹಾರ್ನ್, ಬ್ಲ್ಯಾಡರ್ ಸ್ನೇಲ್‌ಗಳ ಬಗ್ಗೆ. ಹುಳುಗಳು ಶೂನ್ಯದಿಂದ ಹುಟ್ಟುವುದಿಲ್ಲ. ಮೀನು ತಿನ್ನದೆ ಬಿಟ್ಟ ಆಹಾರ ಎಷ್ಟಿದೆಯೋ ಅಷ್ಟು ಹುಳು. ಸಂಖ್ಯೆ ಏರಿದ್ದರೆ ನಿಮ್ಮ ಕೈ ಊಟ ಹಾಕುವಾಗ ಧಾರಾಳವಾಗಿದೆ ಎಂದರ್ಥ. ಹುಳು ಕೊಲ್ಲುವ ಔಷಧಿ ಸುರಿದರೆ ಸತ್ತ ನೂರಾರು ಹುಳು ಒಟ್ಟಿಗೇ ಕೊಳೆತು ಅಮೋನಿಯಾ ಏರಿ ಮೀನೂ ಸಾಯುತ್ತವೆ. ಊಟ ಅರ್ಧ ಮಾಡಿ, ಹೆಚ್ಚಾದದ್ದನ್ನು ಕೈಯಿಂದ ಆರಿಸಿ ತೆಗೆಯಿರಿ. ನೆರೈಟ್ ಇಡುವ ಬಿಳಿ ಚುಕ್ಕೆಗಳ ಬಗ್ಗೆ ಗಾಬರಿಯೇ ಬೇಡ, ಅದರ ಮರಿಗಳು ಉಪ್ಪು ಬೆರೆತ ನೀರಿಲ್ಲದೆ ಬೆಳೆಯಲಾರವು.

ಆರಿಸಿ ತೆಗೆದದ್ದನ್ನು ಏನು ಮಾಡುವುದು? ಕೊಲ್ಲುವ ಪಾಪ ಏಕೆಂದು ಹತ್ತಿರದ ಕೆರೆಗೆ ಬಿಟ್ಟು ಬರುವವರಿದ್ದಾರೆ. ಮನೆಯಿಂದಾಚೆ ಹೋದರೆ ಸ್ವಚ್ಛವಾಯಿತು ಎಂಬ ಅದೇ ಬುದ್ಧಿ ಇದು, ಈ ಸಲ ಪುಣ್ಯದ ವೇಷದಲ್ಲಿ. ಮಿಸ್ಟರಿ ಸ್ನೇಲ್‌ನ ದಾಯಾದಿ ಪೊಮೇಸಿಯಾ ಕ್ಯಾನಲಿಕ್ಯುಲೇಟಾವನ್ನು 1980ರ ಹೊತ್ತಿಗೆ ತಿನ್ನುವುದಕ್ಕೆಂದು ತೈವಾನಿಗೆ ತಂದರು. ರುಚಿಗೆ ಗಿರಾಕಿ ಸಿಗಲಿಲ್ಲ, ಹುಳು ಗದ್ದೆಗಿಳಿಯಿತು, ಆಗ್ನೇಯ ಏಷ್ಯಾದ ಎಳೆ ಭತ್ತವನ್ನು ಮೇಯಿತು. ಸ್ಪೇನಿನ ಎಬ್ರೊ ನದಿಯ ಮುಖಜಭೂಮಿಯ ಭತ್ತದ ಗದ್ದೆಗಳಿಗೂ ಅದೇ ಕುಲದ ಹುಳು ನುಗ್ಗಿದ ಮೇಲೆ ಐರೋಪ್ಯ ಒಕ್ಕೂಟ 2012ರಲ್ಲಿ ಪೊಮೇಸಿಯಾ ಕುಲವನ್ನೇ ನಿಷೇಧಿಸಿತು. ಅಂಗಡಿಯಲ್ಲಿ ಕೊಟ್ಟದ್ದು ಡಿಫ್ಯೂಸಾವೋ ಕ್ಯಾನಲಿಕ್ಯುಲೇಟಾವೋ ಎಂದು ಮರಿಯಲ್ಲಿ ಗುರುತಿಸುವುದು ಮಾರುವವನಿಗೂ ಕಷ್ಟ. ನಮ್ಮ ಗದ್ದೆ ಕೆರೆಗಳಲ್ಲಿ ಪೈಲಾ ಜಾತಿಯ ಊರಿನ ಬಸವನಹುಳು ಈಗಾಗಲೇ ಇವೆ, ಅವುಗಳ ಪಾಲಿನ ನೀರು ಅವಕ್ಕೇ ಇರಲಿ. ಮಿಸ್ಟರಿ ಸ್ನೇಲ್ ನೀರಿನ ಮಟ್ಟಕ್ಕಿಂತ ಮೇಲೆ, ಗಾಜಿಗೋ ಮುಚ್ಚಳಕ್ಕೋ ಅಂಟಿಸುವ ತಿಳಿಗುಲಾಬಿ ಮೊಟ್ಟೆಯ ಗೊಂಚಲನ್ನು ಮೊದಲ ವಾರದಲ್ಲೇ ಮೆಲ್ಲಗೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಂದೆರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ. ಎರಡು ಮೂರು ವಾರ ಬಿಟ್ಟರೆ ಅದು ಒಡೆದು ಮರಿಗಳು ನೀರಿಗೆ ಬೀಳುತ್ತವೆ, ಆಮೇಲೆ ಅಷ್ಟಕ್ಕೂ ನುಗ್ಗೆ ಸೊಪ್ಪು ನೀವೇ ಹೊಂದಿಸಬೇಕು.